ಗೋವಿನಜೋಳದ ದಿಂಡಿನಿಂದ ಪೆನ್ನಿನ ಬ್ಲ್ಯಾಂಕ್ ಎರೆಯುವ ವಿಧಾನ

ಹಾವೇರಿ, ರಾಣೆಬೆನ್ನೂರು ಭಾಗದಲ್ಲಿ ಗೋವಿನಜೋಳದ ರಾಶಿ ಮುಗಿದ ಮೇಲೆ ಕಾಳು ಬಿಡಿಸಿದ ದಿಂಡುಗಳು ಗುಡ್ಡೆ ಬಿದ್ದಿರುತ್ತವೆ. ಹೆಚ್ಚಿನವು ಒಲೆಗೆ ಹೋಗುತ್ತವೆ. ಆದರೆ ಕಾಳು ಕೂತಿದ್ದ ಗುಳಿಗಳಿಗೆ ಬಣ್ಣದ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ತುಂಬಿ ಲೇಥಿನಲ್ಲಿ ಕಡೆದರೆ ಜೇನುಹುಟ್ಟಿನಂಥ ವಿನ್ಯಾಸ ಮೂಡುವುದರಿಂದ, ಕೈಯಿಂದ ಪೆನ್ನು ಮಾಡುವವರಿಗೆ ಇದು ಅಗ್ಗವೂ ಅಂದವೂ ಆದ ಕಚ್ಚಾವಸ್ತು. ಹೀಗೆ ರೆಸಿನ್ ತುಂಬಿ ಗಟ್ಟಿಯಾದ, ಪೆನ್ನಿನ ಮೈಯಾಗಿ ಕಡೆಯಲು ಸಿದ್ಧವಾದ ತುಂಡಿಗೇ ಬ್ಲ್ಯಾಂಕ್ ಎನ್ನುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿಸುವಿಕೆ. ಮುಟ್ಟಿದರೆ ಗರಿಗರಿ ಎನ್ನಿಸುವ ದಿಂಡಿನೊಳಗೂ ತೇವ ಉಳಿದಿರುತ್ತದೆ. ಅದು ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಇಲ್ಲವೇ ಅದನ್ನು ಮಬ್ಬುಗೊಳಿಸುತ್ತದೆ. ಪಾಲಿಯುರೆಥೇನ್ ರೆಸಿನ್ ಆದರೆ ನೊರೆಯಾಗಿ ಉಬ್ಬಿಬಿಡುತ್ತದೆ. ಆದ್ದರಿಂದ ದಿಂಡನ್ನು 13 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿಟ್ಟು, ಗಂಟೆಗೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬರುವವರೆಗೆ ಒಣಗಿಸಬೇಕು. ತೆಗೆದ ಕೂಡಲೇ ಗಾಳಿಯಾಡದ ಚೀಲದಲ್ಲಿಟ್ಟು ತಣ್ಣಗಾಗಿಸಬೇಕು. ಧಾರವಾಡದ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ದಿಂಡು ಮತ್ತೆ ತೇವ ಹೀರಿಕೊಳ್ಳುತ್ತದೆ. ಎರಕಕ್ಕೆ ಬೇಸಿಗೆಯೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಹೊಸಬರಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಅನುಕೂಲ. ಒಳಅಳತೆ 3×3×14 ಸೆಂ.ಮೀ. ಇರುವ ಸಿಲಿಕೋನ್ ಅಚ್ಚು 126 ಮಿ.ಲೀ. ಹಿಡಿಯುತ್ತದೆ, ಎರಡೂವರೆ ಸೆಂ.ಮೀ. ದಪ್ಪದ ದಿಂಡು ಅದರಲ್ಲಿ ಸುಮಾರು ಅರ್ಧ ಜಾಗ ತುಂಬುತ್ತದೆ. ದಿಂಡು ಹೀರುವುದನ್ನೂ ಸೇರಿಸಿ 81 ಗ್ರಾಂ ಮಿಶ್ರಣ ಸಾಕು. ತೂಕದಲ್ಲಿ 2:1 ಎಂದು ಡಬ್ಬಿಯ ಮೇಲಿದ್ದರೆ ರೆಸಿನ್ 54 ಗ್ರಾಂ, ಹಾರ್ಡನರ್ (ರೆಸಿನ್ ಗಟ್ಟಿಗೊಳಿಸುವ ದ್ರವ) 27 ಗ್ರಾಂ. ಡಬ್ಬಿಯ ಮೇಲಿನ ಪ್ರಮಾಣ ಅಳತೆಯದ್ದೋ ತೂಕದ್ದೋ ಎಂಬುದನ್ನು ಓದಿಯೇ ಮುಂದುವರಿಯಬೇಕು, ಏಕೆಂದರೆ ರೆಸಿನ್, ಹಾರ್ಡನರ್ ಎರಡರ ಸಾಂದ್ರತೆ ಬೇರೆಬೇರೆ. ಬಟ್ಟಲಿನ ತಳ, ಅಂಚುಗಳನ್ನು ಕೆರೆಯುತ್ತ ನಿಧಾನವಾಗಿ ಕಲಸಿ, ಇನ್ನೊಂದು ಬಟ್ಟಲಿಗೆ ಸುರಿದು ಮತ್ತೊಮ್ಮೆ ಕಲಸಬೇಕು. ಕಲಸದೆ ಅಂಚಿನಲ್ಲಿ ಉಳಿದದ್ದು ಎಂದಿಗೂ ಗಟ್ಟಿಯಾಗುವುದಿಲ್ಲ. ಬಣ್ಣಕ್ಕೆ ಚಿಟಿಕೆ ಮೈಕಾ ಪುಡಿ ಸಾಕು. ನೈಟ್ರೈಲ್ ಕೈಗವಸು ಧರಿಸಿ, ಕಿಟಕಿ ತೆರೆದಿರಲಿ.

ದಿಂಡು ಹಗುರವಾದ್ದರಿಂದ ರೆಸಿನ್ನಿನಲ್ಲಿ ತೇಲುತ್ತದೆ. ಅದನ್ನು ಮೇಲೇಳದಂತೆ ಅಚ್ಚಿನ ತಳದಲ್ಲಿ ಭದ್ರವಾಗಿ ಕೂರಿಸಿ, ಮೊದಲು ಕುಂಚದಿಂದ ಗುಳಿಗಳಿಗೆಲ್ಲ ರೆಸಿನ್ ಸವರಿ, ಆಮೇಲೆ ಒಂದೇ ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿಯಬೇಕು. ಪ್ರೆಶರ್ ಪಾಟ್ (ಕಂಪ್ರೆಸರಿನಿಂದ ಗಾಳಿ ತುಂಬಿ ಒತ್ತಡ ಕೊಡುವ ಪಾತ್ರೆ) ಇದ್ದರೆ, ಅದರ ಮೇಲೆ ನಮೂದಿಸಿದ ಮಿತಿಯೊಳಗೆ, 40 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಗಟ್ಟಿಯಾಗುವವರೆಗೆ ಇಡಬಹುದು. ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ. ಅಡುಗೆಯ ಕುಕ್ಕರಿಗೆ ಕಂಪ್ರೆಸರ್ ಜೋಡಿಸುವ ಸಾಹಸವನ್ನು ಯಾರೂ ಮಾಡಬಾರದು. ಅದು ಸುಮಾರು 15 ಪಿಎಸ್‌ಐ ಒತ್ತಡಕ್ಕಾಗಿ ತಯಾರಾದ ಪಾತ್ರೆ, ಸಿಡಿದರೆ ಜೀವಕ್ಕೇ ಅಪಾಯ.

ಒಂದೆರಡು ದಿನಗಳಲ್ಲಿ ಅಚ್ಚಿನಿಂದ ಬಿಡಿಸಬಹುದಾದರೂ ರಂಧ್ರ ಕೊರೆಯಲು ಒಂದು ವಾರ ಕಾಯುವುದು ಕ್ಷೇಮ. ಬೈರಿಗೆ ಬಿಸಿಯಾದರೆ ರೆಸಿನ್ ಮೆತ್ತಗಾಗುತ್ತದೆ. ಆದ್ದರಿಂದ ವೇಗ ತಗ್ಗಿಸಿ, ಆಗಾಗ ಹೊರತೆಗೆದು ಹೊಟ್ಟು ಕೊಡವಬೇಕು. ಪಾರದರ್ಶಕ ಬಣ್ಣ ಬಳಸಿದ್ದರೆ, ರಂಧ್ರದೊಳಗೆ ಕೂರುವ ಪೆನ್ನಿನ ಹಿತ್ತಾಳೆಯ ಕೊಳವೆ ಹೊರಗೆ ಕಾಣದಂತೆ ಅದಕ್ಕೆ ಅದೇ ಬಣ್ಣ ಬಳಿದು, ಒಣಗಿದ ಮೇಲೆ ಅಂಟಿಸಬೇಕು.