ಔಷಧಿ ಹೊಡೆಯುವ ಮೊದಲು ಎಲೆ ಮಗುಚಿ ನೋಡಿ

ಎಲೆ ಹಳದಿಯಾಯಿತು, ಮುದುಡಿತು ಅಂದ ಕೂಡಲೇ ಯಾವುದೋ ಕೀಟನಾಶಕ ತಂದು ಹೊಡೆಯುವವರೇ ಜಾಸ್ತಿ. ದಯವಿಟ್ಟು ಅವಸರ ಮಾಡಬೇಡಿ. ಗಿಡವನ್ನು ಕಾಡುತ್ತಿರುವುದು ಯಾವುದು ಅಂತ ಮೊದಲು ಪತ್ತೆ ಮಾಡಿ.

ಎಲೆಯ ಅಡಿಭಾಗದಿಂದ ಶುರು ಮಾಡಿ. ಚಿಗುರಿನಲ್ಲಿ ಹಸಿರು ಅಥವಾ ಕಪ್ಪು ಹುಳುಗಳು ಒತ್ತೊತ್ತಾಗಿ ಕೂತಿದ್ದರೆ ಅದು ಗಿಡಹೇನು. ಗೆಣ್ಣಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟುತಿಗಣೆ. ಕೊಂಬೆ ಅಲ್ಲಾಡಿಸಿದಾಗ ಬಿಳಿ ಪುಡಿ ಹಾರಿದಂತಾದರೆ ಬಿಳಿನೊಣ. ಕೊಂಬೆಗೆ ಅಂಟಿದ ಕಂದು ಹುರುಪೆಯನ್ನು ಉಗುರಿನಿಂದ ಕೆರೆಯಿರಿ. ತೊಗಟೆ ಗಾಯವಾಗದೆ ಅದೊಂದೇ ಎದ್ದು ಬಂದರೆ ಅದು ಶಲ್ಕ ಕೀಟ. ಎಲೆ ಮೇಲೆ ಬಿಳಿ ಗೆರೆ ಸುತ್ತಾಡಿದ್ದರೆ ರಂಗೋಲಿ ಹುಳು. ಅದರಿಂದ ದೊಡ್ಡ ಗಿಡಕ್ಕೆ ಅಂಥ ತೊಂದರೆಯೇನಿಲ್ಲ, ಆ ಎಲೆಗಳನ್ನು ಕಿತ್ತರೆ ಸಾಕು.

ಎಲೆ ಅಂಟಂಟಾಗಿ, ಮೇಲೆ ಕಪ್ಪು ಬೂಷ್ಟು ಬಂದಿದ್ದರೆ ಮೇಲಿನ ಕೊಂಬೆ ನೋಡಿ. ರಸ ಹೀರುವ ಹುಳುಗಳು ಸಿಹಿ ದ್ರವ ಸುರಿಸುತ್ತವೆ, ಬೂಷ್ಟು ಬೆಳೆಯುವುದು ಅದರ ಮೇಲೆ. ಆ ಸಿಹಿಗಾಗಿ ಇರುವೆಗಳು ಹುಳುಗಳನ್ನು ಕಾವಲು ಕಾಯುತ್ತವೆ. ಹಾಗಾಗಿ ಇರುವೆ ಸಾಲನ್ನೇ ಹಿಂಬಾಲಿಸಿ, ಹುಳು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಕಣ್ಣಿಗೆ ಸುಲಭವಾಗಿ ಬೀಳದ್ದು ನುಸಿ. ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳು, ಆಮೇಲೆ ತಾಮ್ರದ ಬಣ್ಣ, ಕೊನೆಗೆ ಸಣ್ಣ ಬಲೆ. ಕೊಂಬೆ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಇರಿ. ಧೂಳಿನ ಕಣದಂಥ ಚುಕ್ಕೆಗಳು ನಿಧಾನಕ್ಕೆ ಹರಿದಾಡಿದರೆ ಅದೇ ನುಸಿ. ಬೆಳೆದ ನುಸಿಗೆ ಎಂಟು ಕಾಲು. ಅದು ಕೀಟವಲ್ಲ, ಜೇಡದ ಬಳಗ. ಎಷ್ಟೋ ಕೀಟನಾಶಕಗಳಿಗೆ ಅದು ಜಗ್ಗುವುದಿಲ್ಲ. ಅದನ್ನು ತಿನ್ನುವ ಜೀವಿಗಳು ಮಾತ್ರ ಸಾಯುತ್ತವೆ, ನುಸಿ ಇನ್ನಷ್ಟು ಹೆಚ್ಚುತ್ತದೆ. ಬಿಸಿಲು, ಧೂಳು, ನೀರಿನ ಕೊರತೆ ಅದಕ್ಕೆ ಅನುಕೂಲ. ಕಾಂಕ್ರೀಟ್ ನಡುವಿನ ಗಿಡಕ್ಕೆ ಈ ಮೂರೂ ಇರುತ್ತವಲ್ವಾ?

ಮೊದಲ ಮದ್ದು ನೀರು. ಪೈಪಿನಿಂದ ಎಲೆಯ ಅಡಿಗೆ ರಭಸವಾಗಿ ಹೊಡೆಯಿರಿ. ಹೇನು, ನುಸಿ ಎರಡೂ ಉದುರುತ್ತವೆ. ಬುಡಕ್ಕೂ ಚೆನ್ನಾಗಿ ನೀರುಣಿಸಿ. ಯೂರಿಯಾ ಜಾಸ್ತಿ ಹಾಕಬೇಡಿ, ಮೆತ್ತಗಿನ ಚಿಗುರು ಬಂದಷ್ಟೂ ಹೇನು ಬರುತ್ತವೆ. ಹುಳು ಮುತ್ತಿದ ತುದಿಗಳನ್ನು ಕತ್ತರಿಸಿ ತೆಗೆಯಿರಿ.

ಇಷ್ಟಕ್ಕೂ ಬಗ್ಗದಿದ್ದರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೌಮ್ಯ ದ್ರವ ಸೋಪು ಹಾಕಿ ಕಲಕಿ. ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಎಲೆ ಸುಡದಿದ್ದರೆ ಸಂಜೆ ಹೊತ್ತು ಇಡೀ ಗಿಡಕ್ಕೆ ಸಿಂಪಡಿಸಿ. ಮೊಟ್ಟೆಗಳು ಉಳಿದುಕೊಳ್ಳುವುದರಿಂದ ವಾರದ ನಂತರ ಇನ್ನೊಮ್ಮೆ ಬೇಕು.

ಸಿಂಪಡಿಸುವ ಮುಂಚೆ, ಇಂಥ ಹುಳುಗಳನ್ನು ತಿಂದು ನಮಗೆ ನೆರವಾಗುವ ಗುಲಗಂಜಿ ಹುಳು (ಲೇಡಿಬರ್ಡ್) ಇದೆಯಾ ನೋಡಿ. ಹಿಟ್ಟುತಿಗಣೆ ತಿನ್ನುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ ಕೂಡ ಬೆಳ್ಳಗೆ, ಮೈತುಂಬ ಮೇಣದ ಎಳೆ ಹೊತ್ತಿರುತ್ತದೆ. ಗಾತ್ರದಲ್ಲಿ ಅದು ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಅಂಥದ್ದು ಕಂಡರೆ ಸಿಂಪಡಣೆ ನಿಲ್ಲಿಸಿ, ಅದರ ಕೆಲಸ ಅದು ಮಾಡಲಿ.

ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಪುಡಿ ಕಂಡರೆ ಮಾತ್ರ ತಡ ಮಾಡಬೇಡಿ. ಅದು ಕಾಂಡ ಕೊರೆಯುವ ಹುಳು. ಎಲೆಗೆ ಏನು ಹೊಡೆದರೂ ಅದಕ್ಕೆ ತಟ್ಟುವುದಿಲ್ಲ. ಸಣ್ಣ ಗಿಡವಾದರೆ ತಂತಿ ತೂರಿಸಿ ಹುಳುವನ್ನು ಚುಚ್ಚಿ ಕೊಲ್ಲಬಹುದು. ದೊಡ್ಡ ಮರದ ಕೊಂಬೆಗಳು ಒಣಗುತ್ತಿದ್ದರೆ, ಮುರಿದು ಬೀಳುವ ಮೊದಲೇ ಮರ ಬಲ್ಲವರನ್ನು ಕರೆಸಿ ತೋರಿಸಿ.