ಟಿ.ವಿ. ಸ್ಕಿಟ್ ಕಲಾವಿದರಾಗಿ ಬದುಕು ಕಟ್ಟಿಕೊಳ್ಳುವುದು ಹೇಗೆ: ತಯಾರಿ, ಒಪ್ಪಂದ, ಸಂಭಾವನೆ, ತೆರಿಗೆ

ಕನ್ನಡ ಕಿರುತೆರೆಯಲ್ಲಿ ಸ್ಕಿಟ್ (ಕಿರು ಹಾಸ್ಯ ಪ್ರಹಸನ) ಮಾಡುವುದೇ ಒಂದು ಉದ್ಯೋಗ ಎನ್ನುವಂತಾಗಿ ಹೆಚ್ಚು ಕಾಲವಾಗಿಲ್ಲ. ಧಾರಾವಾಹಿಯಲ್ಲಿ ಸಣ್ಣಪುಟ್ಟ ಪಾತ್ರ, ಆರ್ಕೆಸ್ಟ್ರಾ ಹಾಡುಗಳ ನಡುವೆ ಹತ್ತು ನಿಮಿಷದ ಮಿಮಿಕ್ರಿ, ಊರ ಜಾತ್ರೆಯ ನಾಟಕದಲ್ಲಿ ಹಾಸ್ಯಪಾತ್ರ ಎಂದು ಹಂಚಿಹೋಗಿದ್ದ ಕಲಾವಿದರಿಗೆ 2015ರಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’, 2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’, ಅನಂತರ ‘ಮಜಾ ಭಾರತ’, ‘ಗಿಚ್ಚಿ ಗಿಲಿಗಿಲಿ’ಯಂತಹ ಕಾರ್ಯಕ್ರಮಗಳು ವಾರವಾರವೂ ಕೆಲಸ ಸಿಗುವ ವೇದಿಕೆಗಳಾದವು. ‘ಕಾಮಿಡಿ ಕಿಲಾಡಿಗಳು’ ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಮುಂದೆ ಚಲನಚಿತ್ರದ ನಾಯಕನಟರಾದರು. ಅದೇ ಸೀಸನ್ನಿನ ನಯನಾ ಕೂಡ ಚಿತ್ರರಂಗದಲ್ಲಿ ಪರಿಚಿತ ಮುಖವಾದರು. ಈ ಹೆಸರುಗಳನ್ನು ನೋಡಿ ಇದೇ ದಾರಿ ಹಿಡಿಯಬೇಕೆನ್ನುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ವಾಹಿನಿ ಕೊಡುವ ಸಂಭಾವನೆಯೊಂದರಿಂದಲೇ ವರ್ಷವಿಡೀ ಸಂಸಾರ ನಡೆಯುವುದು ಅಪರೂಪ. ವಾಹಿನಿಯಿಂದ ಬರುವ ಮುಖಪರಿಚಯವನ್ನು ಬೇರೆ ಕಡೆಗಳಲ್ಲಿ ಹಣವಾಗಿಸಿಕೊಳ್ಳಬೇಕು, ಅದಕ್ಕೆ ಸಿಗುವ ಅವಧಿಯೂ ಚಿಕ್ಕದು. ಮುಂದಿನ ಮಾತುಗಳೆಲ್ಲ ಈ ಲೆಕ್ಕದ ಸುತ್ತಲೇ ಇವೆ.

ಕ್ಯಾಮೆರಾಕ್ಕೆ ಮೊದಲು

ಸ್ಕಿಟ್‌ಗೆ ಬೇಕಾದ ತರಬೇತಿ ಇವತ್ತಿಗೂ ಸಿಗುವುದು ರಂಗಭೂಮಿಯಲ್ಲಿಯೇ. 1980ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ, ಮೈಸೂರಿನ ರಂಗಾಯಣ ಮತ್ತು ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲಿರುವ ಅದರ ಘಟಕಗಳು, ಸಾಣೇಹಳ್ಳಿಯ ರಂಗಶಾಲೆ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಪಳಗಿದವರಿಗೆ ಧ್ವನಿ, ನಿಲುವು, ಎದುರಿಗಿರುವವರ ಮಾತನ್ನು ಕೇಳಿಸಿಕೊಂಡು ನಟಿಸುವ ಅಭ್ಯಾಸ ತಾನಾಗಿಯೇ ಬಂದಿರುತ್ತದೆ. ಅಂತಹ ಅವಕಾಶವಿಲ್ಲದವರು ನಿರಾಶರಾಗಬೇಕಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳ ಹಾಸ್ಯನಟರಾಗಲಿ, ಕರಾವಳಿಯ ಯಕ್ಷಗಾನ ಮೇಳದ ಹಾಸ್ಯಗಾರರಾಗಲಿ ಬರೆದಿಟ್ಟ ಸಂಭಾಷಣೆಯನ್ನೇ ನೆಚ್ಚಿಕೊಳ್ಳದೆ ಸಭೆಯ ನಾಡಿ ಹಿಡಿದು ಮಾತು ಬೆಳೆಸುವುದನ್ನು ಎರಡು ರಾತ್ರಿ ಎಚ್ಚರವಿದ್ದು ಗಮನವಿಟ್ಟು ನೋಡಿದರೂ ಸಾಕಷ್ಟು ಕಲಿಯಬಹುದು.

ಟಿ.ವಿ.ಯ ಬೇಡಿಕೆ ಮಾತ್ರ ಬೇರೆ. ಜಾತ್ರೆಯಲ್ಲಿ ಇಪ್ಪತ್ತು ನಿಮಿಷ ಎಳೆಯಬಹುದಾದ ಸನ್ನಿವೇಶವನ್ನು ಇಲ್ಲಿ ಆರೇಳು ನಿಮಿಷಕ್ಕೆ ಇಳಿಸಬೇಕು. ಒಂದು ಕಲ್ಪಿತ ಸ್ಕಿಟ್ ನೋಡೋಣ. ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗಾಗಿ ಕಂಡಕ್ಟರ್ ಅಜ್ಜಿಯೊಬ್ಬರ ಆಧಾರ್ ಕಾರ್ಡ್ ಕೇಳುತ್ತಾನೆ. ಅಜ್ಜಿ ಕೈಚೀಲದಿಂದ ಮೊದಲು ರೇಷನ್ ಕಾರ್ಡ್, ಆಮೇಲೆ ಎಲೆ-ಅಡಿಕೆ, ಆಮೇಲೆ ಮೊಮ್ಮಗನ ಜಾತಕ ತೆಗೆಯುತ್ತಾರೆ. ಕೊನೆಗೆ ಗಂಡನ ಮರಣ ಪ್ರಮಾಣಪತ್ರ ಕೊಟ್ಟು, “ಇದ್ರಾಗ ನನ್ನ ಹೆಸರೂ ಐತಿ, ಸರ್ಕಾರದ ಸಿಕ್ಕಾನೂ ಐತಿ, ಹರಿ ನೋಡೂಣು ಟಿಕೇಟ” ಎನ್ನುತ್ತಾರೆ. ಹೊಸಬರು ಸಾಮಾನ್ಯವಾಗಿ ಈ ಕೊನೆಯ ಮಾತನ್ನು ನಂಬಿಕೊಂಡು, ಅದಕ್ಕೆ ಮೊದಲು ಕಂಡಕ್ಟರನ ಬಾಯಲ್ಲಿ ನಾಲ್ಕಾರು ಬಿಡಿ ಜೋಕು ತುರುಕುತ್ತಾರೆ. ನಗು ನಿಂತಿರುವುದು ಚೀಲದ ಮೇಲೆ. ಅಜ್ಜಿ ಪ್ರತಿಸಲ ಕೈ ಹಾಕಿದಾಗಲೂ ಕಂಡಕ್ಟರ್ ಸುಮ್ಮನೆ ಕಾಯಬೇಕು. ಎರಡನೆಯ ಸಲ ಕೈ ಹಾಕುವಷ್ಟರಲ್ಲಿ ಪ್ರೇಕ್ಷಕರೇ ಊಹಿಸತೊಡಗಬೇಕು. ಮೂರನೆಯ ಸಲ ಆ ಊಹೆ ತಪ್ಪಬೇಕು. ಜೋಕುಗಳನ್ನು ಕಿತ್ತುಹಾಕಿದಾಗ ಸ್ಕಿಟ್ ಎರಡು ನಿಮಿಷ ಚಿಕ್ಕದಾಗುತ್ತದೆ, ಪಂಚ್ ಮಾತ್ರ ಜೋರಾಗಿ ಬೀಳುತ್ತದೆ.

ಆಡುನುಡಿ ನಿಮ್ಮ ದೊಡ್ಡ ಬಂಡವಾಳ. ಮಂಡ್ಯ, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಮಾತಿಗೆ ಈ ಕಾರ್ಯಕ್ರಮಗಳಲ್ಲಿ ಸದಾ ಜಾಗವಿದೆ. ‘ಕಾಮಿಡಿ ಕಿಲಾಡಿಗಳು’ ಮೂರನೆಯ ಸೀಸನ್ ಗೆದ್ದ ದಿವಂಗತ ರಾಕೇಶ್ ಪೂಜಾರಿ ಉಡುಪಿಯ ಕಡೆಯಿಂದ ಬಂದವರು. ಆದರೆ ಒಂದೇ ಸೀಮೆಯ ಮಾತಿಗೆ, ಒಂದೇ ಲೇಡಿ ಗೆಟಪ್‌ಗೆ, ಒಂದೇ ಕುಡುಕನ ಪಾತ್ರಕ್ಕೆ ಅಂಟಿಕೊಂಡವರನ್ನು ಬರಹಗಾರರು ಅದಕ್ಕೇ ಮೀಸಲಿಡುತ್ತಾರೆ, ಸೀಸನ್ ಮುಗಿಯುವ ಹೊತ್ತಿಗೆ ಪ್ರೇಕ್ಷಕರಿಗೂ ಬೇಸರ ಬಂದಿರುತ್ತದೆ. ಎದುರಿಗಿರುವವರ ಬಣ್ಣ, ಎತ್ತರ, ದಪ್ಪವನ್ನು ಹಂಗಿಸಿ ನಗಿಸುವುದು ಸುಲಭ, ಈಗಲೂ ನಡೆಯುತ್ತದೆ. ಅದರಿಂದ ಕಲಾವಿದನ ಬೆಲೆ ಹೆಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಆಡಿಷನ್ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಪ್ರಕಟಣೆಯನ್ನು ವಾಹಿನಿಯ ಅಧಿಕೃತ ಪುಟದಲ್ಲಿ ಅಥವಾ ಪರದೆಯ ಮೇಲೆಯೇ ಖಚಿತಪಡಿಸಿಕೊಳ್ಳಿ. ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಶುಲ್ಕ, “ಒಳಗೆ ನಮ್ಮವರಿದ್ದಾರೆ” ಎಂಬ ಮಾತು, ಇವುಗಳಲ್ಲಿ ಯಾವುದು ಎದುರಾದರೂ ಅಲ್ಲಿಂದ ಎದ್ದು ಬನ್ನಿ.

ಸಹಿ ಹಾಕುವ ಮುನ್ನ

ಆಯ್ಕೆಯಾದ ಸಂತೋಷದಲ್ಲಿ ಹತ್ತಿಪ್ಪತ್ತು ಪುಟಗಳ ಇಂಗ್ಲಿಷ್ ಒಪ್ಪಂದಕ್ಕೆ ಓದದೆ ಸಹಿ ಹಾಕುವುದು ಈ ವೃತ್ತಿಯಲ್ಲಿ ಅತಿ ಹೆಚ್ಚು ನಷ್ಟ ತರುವ ಕೆಲಸ. ಪ್ರತಿಯನ್ನು ಮನೆಗೆ ಒಯ್ಯಲು ಎರಡು ದಿನ ಕೇಳಿ, ಪರಿಚಿತ ವಕೀಲರಿಂದ ಓದಿಸಿ. ಮುಖ್ಯವಾಗಿ ನೋಡಬೇಕಾದದ್ದು ನಿರ್ಬಂಧದ ಅವಧಿ. ಕಾರ್ಯಕ್ರಮ ಮುಗಿದ ಮೇಲೂ ಎಷ್ಟು ತಿಂಗಳು ಬೇರೆ ವಾಹಿನಿಗೆ ಹೋಗುವಂತಿಲ್ಲ, ಆ ಅವಧಿಯಲ್ಲಿ ಸ್ಟೇಜ್ ಶೋ ಮತ್ತು ಚಲನಚಿತ್ರಗಳಿಗೆ ಅನುಮತಿ ಇದೆಯೇ, ಹೊರಗಿನ ಕಾರ್ಯಕ್ರಮದ ಸಂಭಾವನೆಯಲ್ಲಿ ವಾಹಿನಿಗೋ ನಿರ್ಮಾಣ ಸಂಸ್ಥೆಗೋ ಪಾಲು ಕೊಡಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಸ್ಪಷ್ಟ ಉತ್ತರವಿರಬೇಕು. ಆರು ತಿಂಗಳ ಕಾರ್ಯಕ್ರಮಕ್ಕೆ ಮತ್ತೊಂದು ವರ್ಷದ ನಿರ್ಬಂಧ ಸೇರಿದ್ದರೆ, ಮುಖ ಜನರಿಗೆ ನೆನಪಿರುವ ಅಷ್ಟೂ ಕಾಲ ಕೈ ಕಟ್ಟಿ ಕುಳಿತಂತಾಗುತ್ತದೆ.

ನೀವೇ ಬರೆಯುವವರಾದರೆ 1957ರ ಕೃತಿಸ್ವಾಮ್ಯ ಕಾಯಿದೆ ನಿಮ್ಮ ಪರವಾಗಿ ಕೆಲವು ಮಾತು ಹೇಳುತ್ತದೆ. ಸ್ಕಿಟ್‌ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದು ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. 2012ರ ತಿದ್ದುಪಡಿಯ ನಂತರ ಪ್ರದರ್ಶಕರಿಗೂ ತಮ್ಮ ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕನ್ನು ಕಾಯಿದೆ ಗುರುತಿಸಿದೆ. ಹೊಸ ಕಲಾವಿದನೊಬ್ಬ ಇದನ್ನು ಮುಂದಿಟ್ಟುಕೊಂಡು ದೊಡ್ಡ ವಾಹಿನಿಯೊಡನೆ ಚೌಕಾಸಿ ನಡೆಸಿ ಗೆಲ್ಲುವುದು ಕಷ್ಟ ಎಂಬುದು ನಿಜ. ಆದರೂ ನೀವು ಸೃಷ್ಟಿಸಿದ ಪಾತ್ರವನ್ನು ಅದೇ ಹೆಸರು, ಅದೇ ವೇಷದಲ್ಲಿ ಸ್ಟೇಜ್ ಮೇಲೆ ಮಾಡಲು ಅಡ್ಡಿಯಿಲ್ಲವೆಂಬ ಒಂದು ಸಾಲನ್ನಾದರೂ ಸೇರಿಸಲು ಕೇಳಿ. ಈ ಒಂದು ಸಾಲು ಇಲ್ಲದಿದ್ದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಜನ ಕೂಗಿ ಕರೆಯುವ ಪಾತ್ರವನ್ನೇ ಬದಿಗಿಟ್ಟು ಬೇರೇನೋ ಮಾಡಬೇಕಾದೀತು.

ಹಣ ಬರುವ ದಾರಿಗಳು

ವಾಹಿನಿಯ ಸಂಭಾವನೆ ಸಾಮಾನ್ಯವಾಗಿ ಎಪಿಸೋಡ್ ಲೆಕ್ಕದಲ್ಲಿ ಅಥವಾ ಚಿತ್ರೀಕರಣದ ದಿನದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಒಂದೇ ದಿನದ ಶೆಡ್ಯೂಲ್‌ನಲ್ಲಿ ಎರಡು ಎಪಿಸೋಡ್ ಮುಗಿಸುವುದುಂಟು. ರಿಹರ್ಸಲ್ ದಿನಗಳಿಗೆ ಹಣವಿದೆಯೇ, ಚಿತ್ರೀಕರಿಸಿದ ಸ್ಕಿಟ್ ಪ್ರಸಾರವಾಗದಿದ್ದರೂ ಹಣ ಬರುತ್ತದೆಯೇ ಎಂಬುದನ್ನೂ ಮೊದಲೇ ಕೇಳಿ.

ಲೆಕ್ಕಕ್ಕಾಗಿ ಎಪಿಸೋಡ್‌ಗೆ 8,000 ರೂಪಾಯಿ, ತಿಂಗಳಿಗೆ ಎಂಟು ಎಪಿಸೋಡ್ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 64,000 ರೂಪಾಯಿ, ಶೇ. 10 ಟಿಡಿಎಸ್ (ಹಣ ಕೊಡುವವರೇ ಮುಂಚಿತವಾಗಿ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಕೈಗೆ 57,600. ನೋಡಲು ಒಳ್ಳೆಯ ಸಂಬಳವೇ. ಆದರೆ ಸೀಸನ್ ಐದು ತಿಂಗಳಿಗೆ ಮುಗಿದರೆ ಒಟ್ಟು ಬಂದದ್ದು 3.2 ಲಕ್ಷ, ಅದನ್ನು ಹನ್ನೆರಡು ತಿಂಗಳಿಗೆ ಹರಡಿದರೆ 27,000ಕ್ಕಿಂತ ಕಡಿಮೆ. ಬೆಂಗಳೂರಿನ ಬಾಡಿಗೆ, ತಡರಾತ್ರಿ ಚಿತ್ರೀಕರಣ ಮುಗಿದ ಮೇಲೆ ಕ್ಯಾಬ್, ಸ್ವಂತ ಕಾಸ್ಟ್ಯೂಮ್ ಎಲ್ಲವೂ ಇದರೊಳಗೇ. ಅದೂ ಪೇಮೆಂಟ್ ಎರಡು ಮೂರು ತಿಂಗಳು ತಡವಾಗಿ ಬರುವುದು ಈ ಉದ್ಯಮದಲ್ಲಿ ಮಾಮೂಲು. ಸ್ವಂತ ವೃತ್ತಿಯನ್ನು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡ ಸಣ್ಣ ಸೇವಾದಾರರಿಗೆ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕೆಂದು ಕಾನೂನು ಹೇಳುತ್ತದೆ. ಅದನ್ನು ಹಿಡಿದು ಜಗಳಕ್ಕೆ ನಿಲ್ಲಬೇಕೋ ಬೇಡವೋ ನಿಮ್ಮ ವಿವೇಚನೆ, ಇನ್‌ವಾಯ್ಸ್ ಮೇಲೆ ಆ ನೋಂದಣಿ ಸಂಖ್ಯೆ ಇದ್ದರೆ ನಷ್ಟವೇನಿಲ್ಲ.

ನಿಜವಾದ ದುಡಿಮೆ ಸ್ಟೇಜ್ ಶೋಗಳದ್ದು. ಗಣೇಶೋತ್ಸವದಿಂದ ಶುರುವಾಗಿ ದಸರಾ, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವ, ಆಮೇಲೆ ಊರ ಜಾತ್ರೆಗಳು ಮತ್ತು ಕಾಲೇಜು ವಾರ್ಷಿಕೋತ್ಸವಗಳವರೆಗೆ ಸುಗ್ಗಿ. ಆಷಾಢದಲ್ಲಿ ಫೋನು ಬಡಿದುಕೊಳ್ಳುವುದಿಲ್ಲ. ಸೀಸನ್ ಪ್ರಸಾರವಾಗುತ್ತಿರುವಾಗಲೇ ಮುಂದಿನ ಗಣೇಶೋತ್ಸವದ ದಿನಾಂಕಗಳನ್ನು ಬುಕ್ ಮಾಡಿಸಿಕೊಳ್ಳುವವರೇ ಜಾಣರು, ಏಕೆಂದರೆ ಕಾರ್ಯಕ್ರಮ ನಿಂತು ಎಂಟು ತಿಂಗಳಾದ ಮೇಲೆ ಸಂಘಟಕರು ಅದೇ ದರ ಒಪ್ಪುವುದಿಲ್ಲ. ಒಬ್ಬರೇ ಹೋಗುವುದಕ್ಕಿಂತ ಮೂರು ನಾಲ್ಕು ಜನರ ತಂಡವಾಗಿ, ನಲವತ್ತೈದು ನಿಮಿಷದ ಸಿದ್ಧ ಕಾರ್ಯಕ್ರಮ ಇಟ್ಟುಕೊಂಡು ಹೋದರೆ ಬೇಡಿಕೆ ಹೆಚ್ಚು. ತಂಡದೊಳಗೆ ಹಣ ಹಂಚುವ ಪ್ರಮಾಣ ಮೊದಲ ಕಾರ್ಯಕ್ರಮಕ್ಕೆ ಮುಂಚೆಯೇ ತೀರ್ಮಾನವಾಗಲಿ. ಒಳ್ಳೆಯ ಜೋಡಿಗಳು ಒಡೆಯುವುದು ಬಹುಪಾಲು ಇಲ್ಲಿಯೇ.

ಮಾತುಕತೆ ಮುಗಿದ ಕೂಡಲೇ ಸಂಘಟಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹೋಗಲಿ. ದಿನಾಂಕ, ಸ್ಥಳ, ವೇದಿಕೆ ಏರುವ ಸಮಯ, ಎಷ್ಟು ನಿಮಿಷ, ಎಷ್ಟು ಜನ, ಒಟ್ಟು ಸಂಭಾವನೆ, ಬಂದಿರುವ ಅಡ್ವಾನ್ಸ್, ಪ್ರಯಾಣ ಮತ್ತು ವಸತಿ ಯಾರದು, ಕಾಲರ್ ಮೈಕ್ ಎಷ್ಟು ಬೇಕು ಎಂದು ಬರೆದು, ಕೊನೆಯಲ್ಲಿ “ಉಳಿದ ಹಣ ವೇದಿಕೆ ಏರುವ ಮೊದಲು” ಎಂಬ ಸಾಲನ್ನು ಸೇರಿಸಿ. ಅರ್ಧದಷ್ಟಾದರೂ ಅಡ್ವಾನ್ಸ್ ಬಾರದೆ ಇನ್ನೊಂದು ಊರಿನ ಕರೆಯನ್ನು ಬಿಡಬೇಡಿ. ಕಾರ್ಯಕ್ರಮ ಮುಗಿದು ಜನ ಚದುರಿ, ಶಾಮಿಯಾನ ಬಿಚ್ಚುವ ಹೊತ್ತಿನಲ್ಲಿ ಖಜಾಂಚಿಯನ್ನು ಹುಡುಕುವುದು ಬಹಳ ಬೇಸರದ ಕೆಲಸ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಅಥವಾ ಕೊಲ್ಲಿ ರಾಷ್ಟ್ರಗಳ ಕನ್ನಡ ಸಂಘಗಳ ಆಹ್ವಾನ ಬಂದರೆ ಸಂಭಾವನೆಯ ಜೊತೆಗೆ ವೀಸಾ ಯಾವ ಬಗೆಯದು, ಅದರಲ್ಲಿ ಹಣ ಪಡೆದು ಪ್ರದರ್ಶನ ನೀಡಲು ಅವಕಾಶವಿದೆಯೇ ಎಂಬುದನ್ನೂ ವಿಚಾರಿಸಿ.

ಯೂಟ್ಯೂಬ್‌ನಲ್ಲಿ ನಿಮ್ಮ ಸ್ಕಿಟ್ ಲಕ್ಷಗಟ್ಟಲೆ ಜನ ನೋಡಿದರೂ ಅದು ವಾಹಿನಿಯ ಚಾನೆಲ್‌ನಲ್ಲಿದ್ದರೆ ಜಾಹೀರಾತಿನ ಹಣ ವಾಹಿನಿಗೆ ಹೋಗುತ್ತದೆ; ಅದೇ ತುಣುಕನ್ನು ನಿಮ್ಮ ಪುಟಕ್ಕೆ ಹಾಕಿದರೆ ಕಾಪಿರೈಟ್ ಸ್ಟ್ರೈಕ್ (ಕೃತಿಸ್ವಾಮ್ಯ ಉಲ್ಲಂಘನೆಗೆ ಯೂಟ್ಯೂಬ್ ಕೊಡುವ ದಂಡನೆಯ ಎಚ್ಚರಿಕೆ) ಬರಬಹುದು. ಆದ್ದರಿಂದ ಸ್ವಂತ ರೀಲ್ಸ್‌ಗೆ ಬೇರೆಯೇ ಸಾಮಗ್ರಿ ಇರಲಿ. ಅಂಗಡಿ, ಬಡಾವಣೆ, ಆ್ಯಪ್‌ಗಳ ಪ್ರಚಾರಕ್ಕೆ ಹಣ ಅಥವಾ ಉಡುಗೊರೆ ಪಡೆದಿದ್ದರೆ ಅದು ಜಾಹೀರಾತು ಎಂದು ವೀಡಿಯೊದಲ್ಲೇ ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬೆಟ್ಟಿಂಗ್ ಆ್ಯಪ್‌ಗಳು ಎಷ್ಟೇ ಕೊಟ್ಟರೂ ಬೇಡ.

ತೆರಿಗೆ ಮತ್ತು ಬಹುಮಾನ

ವರ್ಷದಲ್ಲಿ ಒಂದೇ ಸಂಸ್ಥೆ ನಿಮಗೆ ಕೊಡುವ ವೃತ್ತಿಪರ ಶುಲ್ಕ 50,000 ರೂಪಾಯಿ ದಾಟಿದರೆ (2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು) ಶೇ. 10 ಟಿಡಿಎಸ್ ಕಡಿತವಾಗುತ್ತದೆ, ಪ್ಯಾನ್ ಕೊಡದಿದ್ದರೆ ಶೇ. 20. ಇದು ಕಳೆದುಹೋದ ಹಣವಲ್ಲ. 2025-26ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದಿರುವುದರಿಂದ, ಹೆಚ್ಚಿನ ಸ್ಕಿಟ್ ಕಲಾವಿದರಿಗೆ ರಿಟರ್ನ್ಸ್ ಸಲ್ಲಿಸಿದರೆ ಪೂರ್ತಿ ಮರಳಿ ಬರಬೇಕು. ಕಡಿತ ಮಾಡಿದವರು ಅದನ್ನು ನಿಮ್ಮ ಪ್ಯಾನ್‌ಗೆ ಜಮೆ ಮಾಡಿದ್ದಾರೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡುತ್ತಿರಿ. ನಟನೆಯ ಆದಾಯವನ್ನು ಒಟ್ಟು ಸ್ವೀಕೃತಿಯ ಅರ್ಧವೆಂದು ತೋರಿಸುವ ಸರಳ ಪದ್ಧತಿ ನಿಮಗೆ ಅನ್ವಯಿಸುತ್ತದೆಯೇ ಎಂದು ಆಡಿಟರ್ ಬಳಿ ಕೇಳಿ. ಟಿ.ವಿ., ಸ್ಟೇಜ್, ಬ್ರಾಂಡ್ ಪ್ರಚಾರ ಎಲ್ಲ ಸೇರಿ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.

ಬಹುಮಾನದ ಹಣಕ್ಕೆ ಈ ಯಾವ ರಿಯಾಯಿತಿಯೂ ಇಲ್ಲ. ಟಿ.ವಿ. ಸ್ಪರ್ಧೆಯಲ್ಲಿ ಗೆದ್ದ ಹಣಕ್ಕೆ ಲಾಟರಿಯಂತೆಯೇ ನೇರ ಶೇ. 30 ತೆರಿಗೆ ಮತ್ತು ಅದರ ಮೇಲೆ ಶೇ. 4 ಸೆಸ್. ವೇದಿಕೆಯ ಮೇಲೆ ಹತ್ತು ಲಕ್ಷದ ದೊಡ್ಡ ಚೆಕ್ ಹಿಡಿದವರ ಖಾತೆಗೆ ಬರುವುದು ಏಳು ಲಕ್ಷ, ರಿಟರ್ನ್ಸ್ ಸಲ್ಲಿಸುವಾಗ ಮತ್ತೆ 12,000 ಕಟ್ಟಬೇಕು. ಬಹುಮಾನ ಕಾರು ಅಥವಾ ಸೈಟ್ ಆಗಿದ್ದರೆ ಅದರ ಬೆಲೆಯ ಮೇಲಿನ ತೆರಿಗೆ ಪಾವತಿಯಾದ ಮೇಲೆಯೇ ಅದನ್ನು ಹಸ್ತಾಂತರಿಸಬೇಕು. ಆ ತೆರಿಗೆಯನ್ನು ಯಾರು ಭರಿಸುತ್ತಾರೆಂದು ಫಿನಾಲೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಪಿಎಫ್, ಇಎಸ್‌ಐ, ಸಂಬಳಸಹಿತ ರಜೆ ಯಾವುದೂ ಇಲ್ಲದ ಕೆಲಸವಿದು. ಗಂಟಲು ಕೂತರೆ, ಕಾಲು ಉಳುಕಿದರೆ ಆ ವಾರದ ಎಪಿಸೋಡ್ ಬೇರೆಯವರ ಪಾಲು. ಮೊದಲ ಪೇಮೆಂಟ್‌ನಲ್ಲೇ ಆರೋಗ್ಯ ವಿಮೆ ಮಾಡಿಸಿ, ಆರು ತಿಂಗಳ ಮನೆಖರ್ಚು ಕೂಡುವವರೆಗೆ ಕಾರಿನ ಕಂತಿಗೆ ಕೈ ಹಾಕಬೇಡಿ. ಮನರಂಜನಾ ಕ್ಷೇತ್ರದ ಕಾರ್ಯಕರ್ತರಿಗಾಗಿ ಕರ್ನಾಟಕ ಸರ್ಕಾರ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯಿದೆಯನ್ನು ತಂದಿದೆ. ಅದರಡಿಯ ನೋಂದಣಿಯ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸುವಾಗ ನೀವು ಈ ಕ್ಷೇತ್ರದಲ್ಲಿ ದುಡಿದಿದ್ದಕ್ಕೆ ಪುರಾವೆ ಬೇಕಾಗಬಹುದು. ಒಪ್ಪಂದದ ಪ್ರತಿ, ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ವರ್ಷವಾರು ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ.