ಗೊರಕೆ ನಡುವೆ ನಿಂತರೆ ಎಣಿಸಿ ನೋಡಿ

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಇದ್ದವರಿಗೆ ಅದು ಇರುವುದು ಹೆಚ್ಚಾಗಿ ಗೊತ್ತೇ ಇರುವುದಿಲ್ಲ. ಮೊದಲು ಗೊತ್ತಾಗುವುದು ಅದೇ ಕೋಣೆಯಲ್ಲಿ ಮಲಗುವವರಿಗೆ. ಹಾಗಾಗಿ ಇದನ್ನು ಅವರು ಓದಬೇಕು.

ಗೊರಕೆ ಎಷ್ಟು ಜೋರು ಎನ್ನುವುದಕ್ಕಿಂತ ಅದು ನಡುನಡುವೆ ನಿಲ್ಲುತ್ತದೆಯೇ ನೋಡಿ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗೊರಕೆ ಒಮ್ಮೆಲೇ ನಿಲ್ಲುತ್ತದೆ. ಎದೆ, ಹೊಟ್ಟೆ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ, ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ತಾಗುವುದಿಲ್ಲ. ಆಮೇಲೆ ಗೊರ್ ಎಂದು ಉಸಿರು ಎಳೆದುಕೊಂಡು, ಮಗ್ಗುಲು ಬದಲಿಸಿ ಮತ್ತೆ ನಿದ್ದೆ. ಈ ನಿಲುಗಡೆ 10 ಸೆಕೆಂಡ್ ದಾಟಿದರೆ ಲೆಕ್ಕಕ್ಕೆ ಹಿಡಿಯಬೇಕು. ನಿದ್ದೆಯ ಪರೀಕ್ಷೆಯಲ್ಲಿ ಉಸಿರು ನಿಲ್ಲುವುದು, ತೀರಾ ಕಡಿಮೆಯಾಗುವುದು ಎರಡನ್ನೂ ಸೇರಿಸಿ ಎಣಿಸುತ್ತಾರೆ: ಗಂಟೆಗೆ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಅಂಗಾತ ಮಲಗಿದಾಗ, ಬೆಳಗಿನ ಜಾವದಲ್ಲಿ ಇದು ಹೆಚ್ಚು. ಬರೀ ಧ್ವನಿ ಸಾಲದು. ಆಷಾಢದ ಮಳೆ ಹಂಚಿನ ಮೇಲೆ ಸುರಿಯುವಾಗ ಗೊರಕೆ ನಿಂತದ್ದು ಅದರಲ್ಲಿ ತಿಳಿಯುವುದೇ ಇಲ್ಲ. ಎದೆ ಕಾಣುವಂತೆ, ಮಂದ ದೀಪದಲ್ಲಿ ತೆಗೆಯಿರಿ.

ಬೇರೆ ಲಕ್ಷಣಗಳೂ ಇವೆ: ಎದ್ದ ಕೂಡಲೇ ತಲೆನೋವು, ಒಣಗಿದ ಬಾಯಿ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು, ಮಾತ್ರೆಗೆ ಬಗ್ಗದ ಬಿಪಿ. ರಾತ್ರಿಯಿಡೀ ಯಕ್ಷಗಾನ ನೋಡಿ ಮರುದಿನ ತೂಕಡಿಸಿದರೆ ಅದು ಕಾಯಿಲೆಯಲ್ಲ. ಎಂಟು ತಾಸು ಮಲಗಿಯೂ ಬಸ್ಸಿನಲ್ಲಿ ಕುಳಿತೊಡನೆ ತಲೆ ವಾಲಿದರೆ ಅನುಮಾನಿಸಿ. ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ವಾಹನ ಓಡಿಸುವವರಿಗೆ ಈ ಮಂಪರು ಪ್ರಾಣಕ್ಕೇ ಅಪಾಯ. ಪರೀಕ್ಷೆಯಾಗುವವರೆಗೆ ಸ್ಟಿಯರಿಂಗ್ ಬೇರೆಯವರಿಗೆ ಕೊಡಿ.

ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ಮೀರಿದವರಿಗೆ, 50 ವರ್ಷ ದಾಟಿದವರಿಗೆ, ದಪ್ಪ ಇರುವವರಿಗೆ ಸಾಧ್ಯತೆ ಹೆಚ್ಚು. ಆದರೆ ತೆಳ್ಳಗಿದ್ದವರನ್ನು ಬಿಟ್ಟುಬಿಡಬೇಡಿ, ಸಣ್ಣ ದವಡೆ ಅಥವಾ ದೊಡ್ಡ ಟಾನ್ಸಿಲ್ ಇದ್ದರೂ ಬರುತ್ತದೆ. ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತ ಮೇಲೆ, ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದೇ ಮುಂದೆ ಕಾಣುವುದರಿಂದ ಎಷ್ಟೋ ಸಲ ಕಾಯಿಲೆ ತಪ್ಪಿಹೋಗುತ್ತದೆ.

ನಿದ್ದೆ ಸರಿಯಿಲ್ಲವೆಂದು ನಿದ್ದೆ ಮಾತ್ರೆ ನುಂಗಬೇಡಿ, ಕುಡಿದು ಮಲಗಲೂ ಬೇಡಿ. ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ.

ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರೂ ಜೊತೆಗಿರಿ. ‘ಗೊರಕೆ ಬರುತ್ತದೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ‘ಉಸಿರು ನಿಲ್ಲುತ್ತದೆ, ಇಷ್ಟು ಸೆಕೆಂಡ್’ ಎಂದು ಹೇಳಿ, ವಿಡಿಯೊ ತೋರಿಸಿ.